ಲಾನ್ ಪೂರಾ ಹಳದಿ ಆಗ್ಯಾದ, ಸತ್ತದೋ ಜೀವ ಅದನೋ?

ಬೀದರ್_ಹಿತ್ತಲ: ನಮಸ್ಕಾರ್ರಿ ಎಲ್ಲರಿಗೂ, ಮನಿ ಮುಂದ 15 ಬೈ 20 ಅಡಿ ಜಾಗದಾಗ ಜುಲೈದಾಗ ಮೆಕ್ಸಿಕನ್ ಹುಲ್ಲು ಹಾಕ್ಸಿದ್ದೆ, ದಸರಾ ತನಕ ಗಾದಿ ಹಾಸ್ದಂಗ ಇತ್ತು, ಈಗ ಥಂಡಿ ಬಿದ್ದ ಮ್ಯಾಲ ಒಣ ಕಣಕಿ ಬಣ್ಣ ಆಗ್ಯಾದ. ಗೊಬ್ಬರದ ಅಂಗಡ್ಯಾಂವ ಯೂರಿಯಾ ಹಾಕ್ರಿ ಅಂದ, ಎರಡು ಬೊಗಸಿ ಉಗ್ಗೀನಿ, ದಿನಾ ಸಂಜಿ 7ಕ್ಕ ಪೈಪ್ ಹಿಡೀತೀನಿ, ಏನೂ ಫರಕ್ ಇಲ್ಲ. ಕಿತ್ತು ಹೊಸಾದು ಹಾಕ್ಸ್ಲೇನು? ಮಲ್ಲಿಗಿನೂ ಸುಮ್ನ ಕುಂತದ, ಒಂದು ಮೊಗ್ಗಿಲ್ಲ.

ಹಳೇ_ಮಾಲಿ: ಕೀಳಬ್ಯಾಡ್ರಿ ಸರ್! ಇದು ಸೆಕಿ ಕಾಲದ ಹುಲ್ಲು, ಬೀದರ್ ಮೊದ್ಲೇ ಸುಮಾರು 2,300 ಅಡಿ ಎತ್ತರದಾಗ ಅದ, ರಾತ್ರಿ 10-12 ಡಿಗ್ರಿಗೆ ಇಳೀತಂದ್ರ ಬೆಳೆಯೋದು ಬಿಟ್ಟು ಮಲಗ್ತದ ಅಷ್ಟೇ. ಒಂದು ಎಳಿ ಬುಡದಾಗ ಉಗುರ್ಲೆ ಕೆರದು ನೋಡ್ರಿ, ಒಳಗ ಬೆಳ್ಳಗ ಹಸರ ಇದ್ರ ಜೀವ ಅದ, ಪುಡಿಪುಡಿ ಆದ್ರ ಹೋತು. ಮಲಗಿದ್ದ ಹುಲ್ಲಿಗಿ ಯೂರಿಯಾ ಅಂದ್ರ ನಿದ್ದಿಗಣ್ಣಾಗಿದ್ದ ಕೂಸಿಗಿ ಹೋಳಿಗಿ ತುರುಕಿದಂಗ, ಅದು ಉಣ್ಣಂಗಿಲ್ಲ. ಇನ್ನ ಸಂಜಿ ನೀರು ಮಾತ್ರ ಇವತ್ತೇ ಬಂದ್ ಮಾಡ್ರಿ, ಎಲಿ ರಾತ್ರಿಯೆಲ್ಲಾ ಹಸಿ ಇದ್ರ ಬೂಷ್ಟು ಹಿಡಿದು ದುಂಡದುಂಡಕ ಕಲಿ ಬೀಳ್ತಾವ. ಬಿಸಿಲು ಏರಿದ ಮ್ಯಾಲ 8-9ಕ್ಕ ಹಾಕ್ರಿ, ವಾರಕ್ಕ ಒಂದೋ ಎರಡೋ ಸಲ ಸಾಕು. ಕತ್ತರಿಸೋದೂ ಬ್ಯಾಡ, ಉದ್ದ ಇರ್ಲಿ.

ಕಲಬುರಗಿ_ಎರಿ: ಮಾಲಿ ಕಾಕಾ ಹೇಳಿದ್ದು ಖರೆ, ಆದ್ರ ವಾರಕ್ಕೊಮ್ಮಿ ಅನ್ನೋದು ನಿಮ್ ಕೆಂಪು ಮಣ್ಣಿಗಿ. ನಮ್ದು ಎರಿ ಮಣ್ಣು, ಮ್ಯಾಲ ಒಣಗಿದಂಗ ಕಂಡ್ರೂ ಒಳಗ ಜಿಗಿ ಇರ್ತದ, ಅದಕ್ಕ ಬೆರಳು ಚುಚ್ಚಿ ನೋಡೇ ನೀರು ಹಾಕ್ತೀನಿ. ಪೂರಾ ಬಿಟ್ರ ಬಿರುಕು ಬಿಟ್ಟು ಬೇರ ಹರೀತಾವ, ಹೋದ ವರ್ಷ ಎಳ್ಳಮಾಸಿಗಿ ನಾಲ್ಕ್ ದಿನ ಹೊಲಕ್ಕ ಅಂತ ಊರಿಗಿ ಹೋಗಿ ಅಲ್ಲೇ ಹತ್ತು ದಿನ ಕುಂತು ಬಂದಾಗ ಮೂಲಿದಾಗ ಬೆರಳು ಹೋಗೋವಷ್ಟು ಸೀಳಿತ್ತು.
ಮಲ್ಲಿಗಿ ಚಿಂತಿ ಬಿಡ್ರಿ, ಥಂಡ್ಯಾಗ ಅದು ಹೂ ಕೊಡಂಗಿಲ್ಲ. ಈಗ ನೀರು ಕಮ್ಮಿ ಮಾಡಿ ಟೊಂಗಿ ಅರ್ಧಕ್ಕ ಸವರ್ರಿ, ಒಣ ಎಲಿ ತೆಗೀರಿ, ಥಂಡಿ ಹರಿದ ಮ್ಯಾಲ ಸಗಣಿ ಗೊಬ್ಬರ ಹಾಕಿ ನೀರು ಬಿಡ್ರಿ, ಬ್ಯಾಸಗಿಗಿ ತಾನೇ ಮೊಗ್ಗು ಬಿಡ್ತದ.

ಬೀದರ್_ಹಿತ್ತಲ: ಕೆರದು ನೋಡ್ದೆ ಕಾಕಾ, ನಡುವ ಎಲ್ಲಾ ಬೆಳ್ಳಗ ಅದ. ಗ್ವಾಡಿ ಬದಿಗಿ ಒಂದು ತಟ್ಟಿನಷ್ಟು ಮಾತ್ರ ಎಳದ್ರ ಕೈಗೇ ಬರ್ತದ, ಯೂರಿಯಾ ಗಟ್ಟಿ ಅಲ್ಲೇ ಬಿದ್ದಿತ್ತು ಕಾಣ್ತದ.

ಹಳೇ_ಮಾಲಿ: ಅಷ್ಟು ಸುಟ್ಟದ. ಎರಡು ಬಕೆಟ್ ನೀರು ಹೊಯ್ದು ಗೊಬ್ಬರ ಕೆಳಗ ಇಳಿಸ್ರಿ, ಈಗ ನೆಡಬ್ಯಾಡ್ರಿ. ಶಿವರಾತ್ರಿಗಿ ಥಂಡಿ ಶಿವಶಿವಾ ಅಂತ ಹೋಗ್ತದಲ್ಲ, ಆಮ್ಯಾಲ ನಡುವಿಂದು ನಾಲ್ಕ್ ತುಂಡು ಕಿತ್ತು ಅಲ್ಲಿ ಹಚ್ರಿ. ಅಂಗಡ್ಯಾಂವನ್ ಮಾತು ಕೇಳೋ ಮೊದ್ಲು ಇಲ್ಲಿ ಕೇಳಬೇಕಿತ್ತು ನೋಡ್ರಿ.

ಬೀದರ್_ಹಿತ್ತಲ: ಮನ್ಯಾಗೂ ಅದೇ ಅಂದ್ರು ಕಾಕಾ 😅