ಸಹಾಯ ಬೇಕು: ದೇವರಕಾಡಿನ ದಾಖಲೆಗೆ ಬ್ಲಾಕ್‌ಚೈನ್ ದಿನಾಂಕ

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಕಡೆಯ ನಮ್ಮೂರ ದೇವರಕಾಡಿನ ಗಡಿ, ಹಳೇ ಮರಗಳು, ಬೇಲಿ ಎಲ್ಲದರ ಫೋಟೊ ತೆಗೆದು, ಊರಿನವರ ಸಹಿ ಹಾಕಿಸಿ ಒಂದು ಪಿಡಿಎಫ್ ಮಾಡಿದ್ದೇವೆ. ಕಾಫಿ ಗಿಡಗಳು ಸಾಲುಸಾಲಾಗಿ ಒಳಗೆ ಸರಿಯುತ್ತಿವೆ. ಗಡಿ ಇವತ್ತು ಎಲ್ಲಿದೆ ಅನ್ನುವುದಕ್ಕೆ ಮುಂದೆ ಯಾರೂ ಅಲ್ಲಗಳೆಯಲಾಗದ ಆಧಾರ ಉಳಿಯಬೇಕು. ಫೋಟೊದೊಳಗಿನ ದಿನಾಂಕವನ್ನು ಯಾರು ಬೇಕಾದರೂ ತಿದ್ದಬಹುದಲ್ಲ.

ಅದಕ್ಕೇ ಓಪನ್‌ಟೈಮ್‌ಸ್ಟ್ಯಾಂಪ್ಸ್ (ಫೈಲಿಗೆ ಬ್ಲಾಕ್‌ಚೈನ್ ಮೂಲಕ ದಿನಾಂಕದ ಪುರಾವೆ ಕೊಡುವ ವ್ಯವಸ್ಥೆ) ಬಳಸಬೇಕೆಂದಿದ್ದೇನೆ. ಫೈಲ್ ನಮ್ಮ ಹತ್ತಿರವೇ ಇರುತ್ತದೆ. ಅದರ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ, ಬೆರಳಚ್ಚಿನಂಥ ಸಂಖ್ಯೆ) ಮಾತ್ರ ಹೋಗಿ, ಸಾವಿರಾರು ಹ್ಯಾಶ್‌ಗಳ ಜೊತೆ ಸೇರಿ ಬಿಟ್‌ಕಾಯಿನ್‌ನ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಿಂದಿನದನ್ನು ತಿದ್ದಲು ಬಿಡದ ಸಾರ್ವಜನಿಕ ದಾಖಲೆ ಸರಪಳಿಯಲ್ಲಿ, ಒಂದು ಬ್ಲಾಕ್‌ಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಫೈಲಿನಲ್ಲಿ ಒಂದಕ್ಷರ ಬದಲಾದರೂ ಹ್ಯಾಶ್ ಹೊಂದುವುದಿಲ್ಲ. (ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಹ್ಯಾಶ್ ಬದಲಾಗುತ್ತದೆ, ಮೂಲ ಫೈಲನ್ನೇ ಇಟ್ಟುಕೊಳ್ಳಿ.) ಆ ದಿನಕ್ಕೆ ಮೊದಲೇ ಫೈಲ್ ಇತ್ತು ಅನ್ನುವುದಷ್ಟೇ ಇದರಿಂದ ಸಿದ್ಧ, ಒಳಗಿರುವುದು ನಿಜ ಅನ್ನುವುದಕ್ಕೆ ಊರಿನವರ ಸಹಿಯೇ ಬೇಕು.

ನನಗೆ ಮುಖ್ಯವಾಗಿ ಬೇಕಿರುವುದು ಕಾನೂನಿನ ಸಲಹೆ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆಗೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಲು ಜಾಗವಿದೆ, ಎರಡನೇ ಭಾಗಕ್ಕೆ ತಜ್ಞರ ಸಹಿ ಬೇಕು. ಮಡಿಕೇರಿ ಅಥವಾ ಮೈಸೂರಿನಲ್ಲಿ ಇದನ್ನು ಮಾಡಿಸಿದವರು, ಮಾಡಿಕೊಡುವ ವಕೀಲರು ಗುಂಪಿನಲ್ಲಿ ಇದ್ದೀರಾ? ಇನ್ನೊಂದು: ಫೋಟೊಗಳಿಗೆ ಬೇರೆ ಬೇರೆ ಓಟಿಎಸ್ ಫೈಲ್ (ಓಪನ್‌ಟೈಮ್‌ಸ್ಟ್ಯಾಂಪ್ಸ್ ಕೊಡುವ ಪುರಾವೆಯ ಫೈಲ್) ಮಾಡುವುದೋ, ಎಲ್ಲ ಸೇರಿಸಿ ಒಂದು ಜಿಪ್‌ಗೆ ಸಾಕೋ? ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಸಬೇಕು, ದಯವಿಟ್ಟು ಗೊತ್ತಿದ್ದವರು ತಿಳಿಸಿ.