ಔಟ್ ಎಲ್ಸ್, ಲವ್?

ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಎರಡು ವರ್ಷ ಇದ್ದು ಬಂದ ಶ್ರೀನಿ ಭಾನುವಾರ ಮನೆಗೆ ಬಂದಿದ್ದ. ಚುರುಮುರಿ ತಟ್ಟೆ ಮುಂದೆ ಕೂತು ಕಥೆ ಶುರುಮಾಡಿದ.

"ಮೊದಲನೇ ದಿನ ಅಂಗಡೀಲಿ ಹಾಲು, ಬ್ರೆಡ್ ತಗೊಂಡೆ ಕಣ್ರೋ. ಗಲ್ಲಾದಲ್ಲಿದ್ದ ಅಜ್ಜಿ 'ಔಟ್ ಎಲ್ಸ್, ಲವ್?' ಅಂದ್ಳು. ಒಂದೇ ಉಸಿರಲ್ಲಿ ಔಟ್ ಅಂತಾಳೆ, ಲವ್ ಅಂತಾಳೆ! ಚಿಲ್ಲರೆನೂ ತಗೊಳ್ದೆ ಹೊರಗೆ ಬಂದ್ಬಿಟ್ಟೆ."

ಪಾಪ, ಅಜ್ಜಿ ಕೇಳಿದ್ದು "ಇನ್ನೇನಾದ್ರೂ ಬೇಕೇನಪ್ಪಾ" ಅಂತ. ಆ ಕಡೆಯವರ ಮಾತಲ್ಲಿ 'ಔಟ್' ಅಂದರೆ ಏನಾದರೂ, 'ನೌಟ್' ಅಂದರೆ ಏನೂ ಇಲ್ಲ. ಬರೆಯುವಾಗ ಓ, ಡಬ್ಲ್ಯೂ, ಟಿ. ಮೊದಲಿಗೆ ಒಂದು ಎನ್ ಸೇರಿಸಿದರೆ ನೌಟ್.

"ನೀನು ಬಿಡೋ," ಅಂದ ಇಂಗ್ಲಿಷ್ ಮೇಷ್ಟ್ರು ಗುರು. "ಇಂಗ್ಲಿಷರೇ ಒದ್ದಾಡಿದ್ದಾರೆ. ಇಂಗ್ಲೆಂಡಿಗೆ ಅಚ್ಚುಕೂಟ ತಂದ ಕ್ಯಾಕ್ಸ್‌ಟನ್ 1490ರಲ್ಲೇ ಬರೆದಿದ್ದಾನೆ. ಒಬ್ಬ ವ್ಯಾಪಾರಿ ಒಂದು ಮನೇಲಿ 'ಎಗ್ಸ್' ಕೇಳಿದ. ಮನೆಯಾಕೆ, ನನಗೆ ಫ್ರೆಂಚ್ ಬರಲ್ಲ ಅಂದ್ಳು. ಅವನಿಗೆ ರೇಗಿಹೋಯ್ತು. ಅವನಿಗೂ ಫ್ರೆಂಚ್ ಬರ್ತಿರಲಿಲ್ಲ! ಇನ್ನೊಬ್ಬ 'ಐರೆನ್' ಅಂದ ಮೇಲೇ ಆಕೆಗೆ ಅರ್ಥ ಆಗಿದ್ದು."

"ಈಗ ಐರೆನ್ ಕೇಳಿದ್ರೆ ಇಸ್ತ್ರಿ ಪೆಟ್ಟಿಗೆ ಕೊಡ್ತಾರೆ," ಅಂದೆ.

ಶ್ರೀನಿ ಮೊಬೈಲಲ್ಲಿ ಒಂದು ಫೋಟೋ ತೋರಿಸಿದ. ಅಲ್ಲಿಯ ಅಂಗಡಿ ಬೋರ್ಡು. 'ಯೀ ಓಲ್ಡ್' ಅಂತ ಶುರು. ಓಲ್ಡ್ ಬಾಲಕ್ಕೆ ಸುಮ್ನೆ ಒಂದು ಇ.

"ಅದು ಯೀ ಅಲ್ವೋ, 'ದ'!" ಗುರು ಚುರುಮುರಿ ಕೆಳಗಿಟ್ಟ. "ಟಿ ಹೆಚ್ ಬದಲು ಅವರಿಗೆ 'ಥಾರ್ನ್' ಅಂತ ಒಂದೇ ಅಕ್ಷರ ಇತ್ತು. ಥಾರ್ನ್ ಅಂದ್ರೆ ಮುಳ್ಳು. ಕೈಬರಹದಲ್ಲಿ ಬರ್ತಾ ಬರ್ತಾ ಅದು ವೈ ತರಾನೇ ಕಾಣೋಕೆ ಶುರುವಾಯ್ತು. ಅಚ್ಚಿನವರೂ ವೈ ಮೊಳೆಯನ್ನೇ ಜೋಡಿಸಿದ್ರು. ಓದೋದು ಮಾತ್ರ 'ದ' ಅಂತಲೇ."

ನಮ್ಮ ಹಳಗನ್ನಡದ ಱ, ೞ ಕೂಡ ಬಳಕೆ ತಪ್ಪಿದವೇ. ಆದರೆ ಅವುಗಳ ಹೆಸರಲ್ಲಿ ಯಾರೂ ತಪ್ಪು ಬೋರ್ಡು ಬರೆಸಿಲ್ಲ, ಪುಣ್ಯ.

ನನಗೂ ಒಂದು ಹಳೇ ಗಾಯ ನೆನಪಾಯಿತು. ಒಂಬತ್ತನೇ ಕ್ಲಾಸಿನಲ್ಲಿ 'ಡೆಟ್' (ಸಾಲ) ಬರೆಯುವಾಗ ನಡುವಿನ ಬಿ ಬಿಟ್ಟು, ಅಂಗೈ ಮೇಲೆ ಎರಡು ಏಟು ತಿಂದಿದ್ದೆ.

"ಹಿಂದೆ ಅದರಲ್ಲಿ ಬಿ ಇರಲೇ ಇಲ್ಲ," ಅಂದ ಗುರು. "ಲ್ಯಾಟಿನ್ನಿನ 'ಡೆಬಿಟುಮ್' ನೆನಪಿರಲಿ ಅಂತ ಪಂಡಿತರು ಆಮೇಲೆ ತುರುಕಿದ್ದು."

"ಹಾಗಾದ್ರೆ ನಾನು ಬರೆದಿದ್ದು ತಪ್ಪಲ್ಲ. ಹುಟ್ಟಿದ್ದು ಲೇಟಾಯ್ತು, ಅಷ್ಟೇ."

"ಬಿ ಇರಲಿ, ಬಿಡಲಿ," ಶ್ರೀನಿ ಕೈಚಾಚಿದ. "ಹೋಗೋವಾಗ ಕೊಟ್ಟಿದ್ದ ಐನೂರು ರೂಪಾಯಿ ಸಾಲ ಎಲ್ಲೋ?"

ಜೇಬು ತಡಕಿದೆ.

"ನೌಟ್," ಅಂದೆ.