ಹಳೆಯ ಗಾಡಿಗಳನ್ನು ದಾನವಾಗಿ ಪಡೆದು ರೋಗಿಗಳಿಗೆ ಹಣ ಕೂಡಿಸುವುದು ಸಾಧ್ಯವೇ?

ಟಿಳಕವಾಡಿ ವಾಸಿ:
ಬೆಳಗಾವಿಯ ಮನೆಗಳ ಅಂಗಳದಲ್ಲಿ ಓಡಿಸುವವರಿಲ್ಲದೆ ನಿಂತ ಸ್ಕೂಟರು, ಮೋಟರ್‌ಸೈಕಲ್ಲು, ಸಣ್ಣ ಕಾರುಗಳಿಗೆ ಲೆಕ್ಕವಿಲ್ಲ. ಅವನ್ನು ದಾನವಾಗಿ ಪಡೆದು ಮಾರಿ, ಬಂದ ಹಣದಲ್ಲಿ ಖಾನಾಪುರ, ಬೈಲಹೊಂಗಲ ಕಡೆಯಿಂದ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆಂದು ಬರುವ ಬಡ ರೋಗಿಗಳ ಬಸ್ಸು, ಔಷಧಿಯ ಖರ್ಚು ನೋಡಿಕೊಳ್ಳಬೇಕೆಂಬುದು ನಮ್ಮ ಟ್ರಸ್ಟಿನ ಆಲೋಚನೆ. ಅಮೆರಿಕದಲ್ಲಿ ಇದು ದಶಕಗಳಿಂದ ನಡೆದುಬಂದಿದೆ. ದಾನಿಯು ಒಂದು ಫೋನ್ ಮಾಡಿದರೆ ಗಾಡಿಯನ್ನು ಎಳೆದೊಯ್ದು, ಹರಾಜು ಹಾಕಿ, ಹಣವನ್ನು ಸಂಸ್ಥೆಗೆ ಮುಟ್ಟಿಸುತ್ತಾರೆ. ಇಲ್ಲಿಯೂ ಮಾಲೀಕರು ಗಾಡಿಯ ಹೆಸರು ಬದಲಿಸುವ 29 ಮತ್ತು 30ನೆಯ ಫಾರ್ಮುಗಳಿಗೆ ಸಹಿ ಹಾಕಿ ಕೀಲಿಕೈ ಕೊಟ್ಟರೆ ಅವರ ಕೆಲಸ ಮುಗಿಯಿತು. ದಾನಕ್ಕೆ ತೆರಿಗೆ ವಿನಾಯಿತಿ ಪಡೆಯಲು 80ಜಿ ರಸೀದಿಯನ್ನೂ ಕೊಡುತ್ತೇವೆ.

ನವನಗರದ ಲೆಕ್ಕಿಗ:
ಯಾವ 80ಜಿ ರಸೀದಿ, ಸರ್? ಆದಾಯ ತೆರಿಗೆಯ ಆ ಕಲಮು ಹಣದ ರೂಪದ ದಾನಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ; ಅಕ್ಕಿ, ಬಟ್ಟೆ, ಗಾಡಿ ಯಾವುದಕ್ಕೂ ಇಲ್ಲ. ನಗದಾಗಿ ಕೊಟ್ಟರೂ 2,000 ರೂಪಾಯಿ ಮೀರಿದ್ದು ಲೆಕ್ಕಕ್ಕೆ ಬರುವುದಿಲ್ಲ. ಇನ್ನು ನೀವು ಹೊಗಳುವ ಅಮೆರಿಕದ ಕಥೆಯನ್ನೂ ಪೂರ್ತಿ ಹೇಳಬೇಕಿತ್ತು. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 2003ರಲ್ಲಿ 54 ದಾನದ ಗಾಡಿಗಳ ಬೆನ್ನು ಹತ್ತಿ ನೋಡಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ಗಾಡಿಗಳಲ್ಲಿ, ದಾನಿಯು ತೆರಿಗೆಗೆ ತೋರಿಸಿದ ಬೆಲೆಯ ನೂರಕ್ಕೆ ಐದರಷ್ಟು ಅಥವಾ ಅದಕ್ಕಿಂತ ಕಡಿಮೆ ಹಣ ಸಂಸ್ಥೆಯ ಕೈಸೇರಿತ್ತು. ಉಳಿದದ್ದು ಹರಾಜಿನವರಿಗೆ, ಜಾಹೀರಾತಿಗೆ, ದಾನಿಯ ಉಬ್ಬಿಸಿದ ಅಂದಾಜಿಗೆ ಹೋಯಿತು. ಆದ್ದರಿಂದಲೇ 2004ರಲ್ಲಿ ಕಾನೂನು ತಿದ್ದಿ, 500 ಡಾಲರ್ ಮೀರಿ ವಿನಾಯಿತಿ ಕೇಳುವವರು ಗಾಡಿ ನಿಜವಾಗಿ ಮಾರಿದ ಬೆಲೆಯನ್ನಷ್ಟೇ ತೋರಿಸಬೇಕೆಂದು ಸಾಮಾನ್ಯ ನಿಯಮ ಮಾಡಿದರು.

ಟಿಳಕವಾಡಿ ವಾಸಿ:
ಇಡೀ ದೇಶದಲ್ಲಿ ಬರೀ 54 ಗಾಡಿಗಳ ಬೆನ್ನು ಹತ್ತಿದ ವರದಿಯನ್ನು ಹಿಡಿದು, ಇನ್ನೂ ಶುರುವಾಗದ ಬೆಳಗಾವಿಯ ಕೆಲಸಕ್ಕೆ ಕಲ್ಲು ಹಾಕುವುದು ಯಾವ ನ್ಯಾಯ? ಕಾನೂನು ತಿದ್ದಿದ ಮೇಲೂ ಅಲ್ಲಿ ಆ ಪದ್ಧತಿ ನಿಂತಿಲ್ಲವೆಂಬುದನ್ನು ತಾವು ಜಾಣತನದಿಂದ ಬಿಟ್ಟಿದ್ದೀರಿ.

ಗುಮ್ಮಟದೂರಿನ ಕರಿಕೋಟು:
ತೆರಿಗೆಯ ಮಾತು ಹಾಗಿರಲಿ. ‘ಕೀಲಿಕೈ ಕೊಟ್ಟರೆ ಅವರ ಕೆಲಸ ಮುಗಿಯಿತು’ ಎಂಬ ವಾಕ್ಯವನ್ನು ಓದಿ ನಾನು ಬೆಚ್ಚಿದೆ. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ, ಗಾಡಿ ರಾಜ್ಯದೊಳಗೇ ಕೈ ಬದಲಾದರೆ ಕೊಟ್ಟವನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಪ್ರಕರಣದ ಕಾರು ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿದ್ದರೂ ಅಪಘಾತದ ಪರಿಹಾರ ಬಂದು ಕುಳಿತದ್ದು ಹೆಸರು ಬದಲಾಗದೆ ಉಳಿದಿದ್ದ ಮೊದಲ ಮಾಲೀಕನ ತಲೆಯ ಮೇಲೆ. ಅಂಗಳದಲ್ಲಿ ನಿಂತ ಗಾಡಿಗೆ ಇನ್ಶೂರೆನ್ಸ್ ಎಂದೋ ಮುಗಿದಿರುತ್ತದೆ. ಪುಣ್ಯಕ್ಕೆಂದು ಕೊಟ್ಟವರು ಕೋರ್ಟಿನ ಮೆಟ್ಟಿಲು ಹತ್ತಬೇಕೇ?

ಖಡೇಬಜಾರ ಗಾಡಿವಾಲಾ:
ವಕೀಲ ಸಾಹೇಬರೆ, ಜನರನ್ನು ಹೆದರಿಸಬೇಡಿ. 2023ರ ಏಪ್ರಿಲ್‌ನಿಂದ ಬಂದ ಹೊಸ ನಿಯಮದಲ್ಲಿ, ಗಾಡಿ ಡೀಲರನ ಕೈಗೆ ಬಂದೊಡನೆ ಅವನನ್ನೇ ಮಾಲೀಕನೆಂದು ಪರಿಗಣಿಸುತ್ತಾರೆ. ಹಳೆಯ ತೀರ್ಪು ಹಳೆಯ ಕಾಲಕ್ಕಾಯಿತು.

ಗುಮ್ಮಟದೂರಿನ ಕರಿಕೋಟು:
‘ಕೈಗೆ ಬಂದೊಡನೆ’ ಅಲ್ಲ. ಆರ್‌ಟಿಒದಿಂದ ಅಧಿಕಾರಪತ್ರ ಪಡೆದ ಡೀಲರನಿಗೆ ಗಾಡಿ ಒಪ್ಪಿಸಿದ್ದನ್ನು ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸಿದ ಮೇಲೆ ಮಾತ್ರ. ತಮ್ಮ ಬಳಿ ಆ ಅಧಿಕಾರಪತ್ರವಿದೆಯೇ? ಈ ಟ್ರಸ್ಟಿನ ಬಳಿ ಇದೆಯೇ?

ಖಡೇಬಜಾರ ಗಾಡಿವಾಲಾ:
ನನ್ನ ಬಳಿ ಏನಿದೆ ಎಂದು ಕೇಳುವ ಅಧಿಕಾರ ತಮಗೆ ಯಾರು ಕೊಟ್ಟರು? ನಮ್ಮ ತಂದೆಯ ಕಾಲದಿಂದ ಸಹಿ ಹಾಕಿದ ಫಾರ್ಮಿನ ಮೇಲೆಯೇ ಈ ಊರಿನ ಬಜಾರು ನಡೆದಿದೆ. ಕೊಲ್ಲಾಪುರದ ಎಂಎಚ್-09 ಗಾಡಿಗಳು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿನ ತೆರಿಗೆ ಕಟ್ಟಿ ಬೆಳಗಾವಿಯ ಕೆಎ-22 ಆದದ್ದೂ ನಮ್ಮಂಥವರ ಓಡಾಟದಿಂದಲೇ. ನೀವು ಕೋರ್ಟಿನಲ್ಲಿ ಒಂದು ತಾರೀಖಿಗೆ ತೆಗೆದುಕೊಳ್ಳುವ ಫೀಯಲ್ಲಿ ಒಂದು ಹಳೆಯ ಲೂನಾ ಬರುತ್ತದೆ!

ಗುಮ್ಮಟದೂರಿನ ಕರಿಕೋಟು:
ತಾರೀಖನ್ನು ಖಾಲಿ ಬಿಟ್ಟು ಸಹಿ ಪಡೆಯುವ ಬಜಾರಿನ ಪದ್ಧತಿಯನ್ನು ತಾವೇ ಬರೆದು ಒಪ್ಪಿಕೊಂಡಿದ್ದೀರಿ. ಧನ್ಯವಾದಗಳು.

ಖಡೇಬಜಾರ ಗಾಡಿವಾಲಾ:
ತಾರೀಖು ಖಾಲಿ ಎಂದು ನಾನು ಎಲ್ಲಿ ಬರೆದಿದ್ದೇನೆ? ತೋರಿಸಿ. ತೋರಿಸದಿದ್ದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಿ.

ಅಥಣಿ ಅಕ್ಕ:
ಇಬ್ಬರೂ ಸ್ವಲ್ಪ ಸುಮ್ಮನಿರಿ. ಅಂಗಳದಲ್ಲಿ ನಿಂತ ಗಾಡಿಗಳಲ್ಲಿ ಎಷ್ಟೋ ತೀರಿಹೋದವರ ಹೆಸರಿನಲ್ಲಿರುತ್ತವೆ ಎಂಬುದನ್ನು ಯಾರೂ ಎತ್ತಲಿಲ್ಲ. ನಮ್ಮ ತಂದೆಯ ಸ್ಕೂಟರಿನದೂ ಅದೇ ಕಥೆ. ಮೊದಲು 31ನೆಯ ಫಾರ್ಮಿನಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕಾಯಿತು. ಅದಕ್ಕೆ ಮರಣ ಪ್ರಮಾಣಪತ್ರ, ಅಣ್ಣತಮ್ಮಂದಿರ ಒಪ್ಪಿಗೆಯ ಅಫಿಡವಿಟ್ಟು, ಮೇಲೆ ಚಾಸಿ ನಂಬರಿನ ಪ್ರಿಂಟು. ತುಕ್ಕು ಹಿಡಿದ ನಂಬರಿನ ಮೇಲೆ ಸೀಮೆಎಣ್ಣೆ ಹಚ್ಚಿ, ಅರಿವೆಯಿಂದ ತಿಕ್ಕಿ, ತೆಳ್ಳನೆಯ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೂ ಮೂರೋ ಎಂಟೋ ತಿಳಿಯದ ಒಂದು ಅಂಕಿಗಾಗಿ ಗುಮಾಸ್ತರು ಕಾಗದವನ್ನು ತಿರುಗಿ ಕಳಿಸಿದರು. ಕಡೆಗೆ ನಾವೇ ಮಾರಿ, ಬಂದ ಹಣವನ್ನು ಚೆಕ್ಕಿನಲ್ಲಿ ಒಂದು ವಸತಿನಿಲಯಕ್ಕೆ ಕೊಟ್ಟೆವು. ಟ್ರಸ್ಟಿನವರು ಗಾಡಿಯನ್ನು ಮುಟ್ಟಲೇ ಬಾರದು. ಕೊಳ್ಳುವವರನ್ನು ಹುಡುಕಿಕೊಟ್ಟು, ಹೆಸರು ಬದಲಾಗುವವರೆಗೆ ಜೊತೆಗೆ ಓಡಾಡಿದರೆ ಸಾಕು. ಆಗ 80ಜಿ ತಕರಾರೂ ಇಲ್ಲ, ಅಪಘಾತದ ಭಯವೂ ಇಲ್ಲ.

ನವನಗರದ ಲೆಕ್ಕಿಗ:
‘80ಜಿ ತಕರಾರೂ ಇಲ್ಲ’ ಎಂದು ಅಷ್ಟು ಸಲೀಸಾಗಿ ಹೇಳಬೇಡಿ, ಅಕ್ಕಾ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಚೆಕ್ಕಿನಲ್ಲಿ ಕೊಟ್ಟರೂ ಆ ವಿನಾಯಿತಿ ಸಿಗುವುದಿಲ್ಲ.

ಖಡೇಬಜಾರ ಗಾಡಿವಾಲಾ:
ಅಕ್ಕನವರೆ, ‘ಕೊಳ್ಳುವವರನ್ನು ಹುಡುಕಿಕೊಟ್ಟು’ ಎಂದಿರಿ. 15 ವರ್ಷ ದಾಟಿ ಆರ್‌ಸಿ ನವೀಕರಿಸದ ಗಾಡಿಯನ್ನು ಯಾರು ಕೊಳ್ಳುತ್ತಾರೆ? ಅದು ಹೋಗುವುದು ಗುಜರಿಗೇ. ಎರಕಕ್ಕೆ ಕಬ್ಬಿಣ ಬೇಕೆನ್ನುವ ಫೌಂಡ್ರಿಗಳು ಉದ್ಯಮಬಾಗಿನಲ್ಲೇ ಇವೆ. ಮಾರುತಿ 800 ಕಾರಿನ ತೂಕ ಸುಮಾರು 650 ಕಿಲೋ; ಸೀಟು, ಗಾಜು, ಟಯರು ತೆಗೆದರೆ ತಕ್ಕಡಿಗೆ ಬೀಳುವುದು ಅದಕ್ಕಿಂತ ಕಡಿಮೆ. ಆ ದುಡ್ಡಿನಲ್ಲಿ ಎಷ್ಟು ಜನರ ಡಯಾಲಿಸಿಸ್ ಆದೀತು ಎಂದು ಲೆಕ್ಕ ಹಾಕಿ. ಅಂದಹಾಗೆ, ವಕೀಲರು ಇನ್ನೂ ಮಾತು ಹಿಂದಕ್ಕೆ ತೆಗೆದುಕೊಂಡಿಲ್ಲ.

ಗುಮ್ಮಟದೂರಿನ ಕರಿಕೋಟು:
ಗುಜರಿಗೇ ಹೋಗುವುದಾದರೆ 2021ರ ನಿಯಮಗಳ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಗಾಡಿ ಒಪ್ಪಿಸಿದ್ದಕ್ಕೆ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ, ಆರ್‌ಸಿಯೂ ರದ್ದಾಗುತ್ತದೆ. ಬಜಾರಿನ ಹಿಂದಿನ ಶೆಡ್ಡಿನಲ್ಲಿ ಬಿಚ್ಚಿದರೆ ಗಾಡಿ ಮಣ್ಣಾದರೂ ಆರ್‌ಸಿ ಜೀವಂತ. ಹಿಂದಕ್ಕೆ ತೆಗೆದುಕೊಳ್ಳುವಂಥ ಮಾತನ್ನು ನಾನು ಆಡಿಲ್ಲ.

ಟಿಳಕವಾಡಿ ವಾಸಿ:
ರಸೀದಿಯ ಸಾಲನ್ನು ಕರಪತ್ರದಲ್ಲಿ ಬೇರೆ ರೀತಿಯಲ್ಲಿ ಬರೆಯುತ್ತೇವೆ. ಅದರರ್ಥ ಲೆಕ್ಕಿಗರು ಹೇಳಿದ್ದೆಲ್ಲ ಸರಿ ಎಂದಲ್ಲ. ಒಳ್ಳೆಯ ಕೆಲಸಕ್ಕೆ ಕೈಜೋಡಿಸಲು ಇಷ್ಟು ಜನರಲ್ಲಿ ಒಬ್ಬರೂ ಒಂದು ಗಾಡಿಯನ್ನು ಹೆಸರಿಸಲಿಲ್ಲ.

ಗುಮ್ಮಟದೂರಿನ ಕರಿಕೋಟು:
ನನ್ನದೊಂದು ಸ್ಕೂಟರಿದೆ. ಫಾರ್ಮಿನಲ್ಲಿ ಪಡೆಯುವವರ ಹೆಸರಿನ ಮುಂದೆ ಯಾರ ಹೆಸರು ಬರೆಯಲಿ, ಟ್ರಸ್ಟಿನದೋ ಗಾಡಿವಾಲಾರದೋ?

ಖಡೇಬಜಾರ ಗಾಡಿವಾಲಾ:
ನನ್ನ ಹೆಸರನ್ನು ಎಳೆಯಬೇಡಿ. ಮೊದಲು ತಾರೀಖಿನ ಮಾತಿಗೆ ಉತ್ತರ ಕೊಡಿ.